ಕೃಷ್ಣಮೃಗ ಮತ್ತು ಎರೆಭೂತ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಹುಲ್ಲು ಮೇಯುವ ಪ್ರಾಣಿ, ಇನ್ನೊಂದು ಹಕ್ಕಿ. ಇವೆರಡನ್ನು ಹೋಲಿಸುವುದಾದರೂ ಏಕೆ?

ಎರಡರ ಮನೆಯೂ ಒಂದೇ ಆಗಿರುವುದರಿಂದ. ಮರಗಳಿಲ್ಲದೆ ಕಣ್ಣು ಹಾಯುವಷ್ಟು ದೂರ ಹರಡಿದ ಒಣ ಹುಲ್ಲುಗಾವಲು, ಅದರ ಅಂಚಿಗೆ ಮಳೆ ನಂಬಿದ ಹೊಲಗಳು. ಕೃಷ್ಣಮೃಗ ಬದುಕುವುದು ಅಲ್ಲೇ, ಎರೆಭೂತ ಮೊಟ್ಟೆ ಇಡುವುದೂ ಅಲ್ಲೇ. ಎರಡೂ ಭಾರತ ಉಪಖಂಡ ಬಿಟ್ಟರೆ ಬೇರೆಲ್ಲೂ ಸಹಜವಾಗಿ ಹುಟ್ಟಿ ಬೆಳೆದವಲ್ಲ. ಮಹಾರಾಜರೂ ಬ್ರಿಟಿಷ್ ಅಧಿಕಾರಿಗಳೂ ಎರಡನ್ನೂ ಮನಸೋಇಚ್ಛೆ ಬೇಟೆಯಾಡಿದರು. ಸ್ವಾತಂತ್ರ್ಯದ ನಂತರ ಜೀಪುಗಳಲ್ಲಿ ಬಂದವರು ಉಳಿದ ಕೆಲಸ ಮುಂದುವರಿಸಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗ ಎರಡಕ್ಕೂ ಮೊದಲನೇ ಅನುಸೂಚಿಯಲ್ಲಿ, ಅಂದರೆ ಹುಲಿಯ ಸಾಲಿನಲ್ಲೇ, ಜಾಗ ಸಿಕ್ಕಿತು.

ಅರ್ಧ ಶತಮಾನ ಕಳೆದ ಮೇಲೆ ನೋಡಿದರೆ ಒಂದು ರೈತರಿಗೆ ತಲೆನೋವಾಗುವಷ್ಟು ಹೆಚ್ಚಿದೆ, ಇನ್ನೊಂದು ಹುಡುಕಿಕೊಂಡು ಹೋದರೂ ಸಿಗದಷ್ಟು ಕಡಿಮೆಯಾಗಿದೆ. ಒಂದೇ ನೆಲ, ಒಂದೇ ಕಾಯ್ದೆ, ಒಂದೇ ಶತ್ರು ಇದ್ದೂ ಹೀಗೇಕಾಯಿತು ಎಂಬುದಕ್ಕೆ ಉತ್ತರ ಬೇಕೆಂದರೆ ಹೋಲಿಸಲೇಬೇಕು.

ಕೃಷ್ಣಮೃಗ ಜಿಂಕೆಯೇ?

ಊರಿನ ಮಾತಿನಲ್ಲಿ ಹೌದು, ಪ್ರಾಣಿಶಾಸ್ತ್ರದಲ್ಲಿ ಅಲ್ಲ. ಚುಕ್ಕೆ ಜಿಂಕೆ, ಕಡವೆಗಳು ವರ್ಷಕ್ಕೊಮ್ಮೆ ಕೊಂಬು ಉದುರಿಸಿ ಹೊಸದು ಬೆಳೆಸುತ್ತವೆ. ಕೃಷ್ಣಮೃಗದ ಕೊಂಬು ಬದುಕಿನುದ್ದಕ್ಕೂ ಒಂದೇ. ಒಳಗೆ ಎಲುಬು, ಮೇಲೆ ಟೊಳ್ಳು ಹೊದಿಕೆ. ದನ, ಮೇಕೆಗಳ ಕುಟುಂಬಕ್ಕೆ ಸೇರಿದ ಹುಲ್ಲೆ ಇದು. ತಿರುಚಿದ ಉದ್ದ ಕೊಂಬು ಸಾಮಾನ್ಯವಾಗಿ ಗಂಡಿಗೆ ಮಾತ್ರ.

ಎರೆಭೂತ, ಎರಲಡ್ಡು, ದೊರವಾಯನ ಹಕ್ಕಿ ಬೇರೆ ಬೇರೆಯೇ?

ಮೂರೂ ಒಂದೇ ಹಕ್ಕಿ. ಪತ್ರಿಕೆಗಳಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂದು ಬರುವುದೂ ಇದೇ, ರಾಜಸ್ಥಾನದವರು ಗೋಡಾವಣ ಎನ್ನುವುದೂ ಇದನ್ನೇ.

ಗಾತ್ರದಲ್ಲಿ ಎಷ್ಟು ವ್ಯತ್ಯಾಸ?

ನೀವು ಊಹಿಸಿದ್ದಕ್ಕಿಂತ ಕಡಿಮೆ. ಬೆಳೆದ ಗಂಡು ಕೃಷ್ಣಮೃಗ ಹೆಚ್ಚುಕಡಿಮೆ 35ರಿಂದ 40 ಕಿಲೋ ತೂಗುತ್ತದೆ, ಭುಜದ ಎತ್ತರ ಸುಮಾರು 80 ಸೆಂಟಿಮೀಟರ್. ಹೆಣ್ಣು ಅದಕ್ಕಿಂತ ಹಗುರ. ಗಂಡು ಎರೆಭೂತ ಒಂದು ಮೀಟರಿಗೂ ಮಿಕ್ಕಿ ಎತ್ತರ ನಿಲ್ಲುತ್ತದೆ, 15 ಕಿಲೋವರೆಗೂ ತೂಗಬಲ್ಲದು. ಹಾಗಾಗಿ ಬಯಲಲ್ಲಿ ಅಕ್ಕಪಕ್ಕ ನಿಂತರೆ ಹಕ್ಕಿಯ ತಲೆ ಹುಲ್ಲೆಯ ಬೆನ್ನಿಗಿಂತ ಮೇಲಿರುತ್ತದೆ. ಹೆಣ್ಣು ಎರೆಭೂತ ಮಾತ್ರ ಗಂಡಿನ ಅರ್ಧದಷ್ಟೂ ಭಾರವಿಲ್ಲ, ಐದಾರು ಕಿಲೋದೊಳಗೇ ಮುಗಿಯುತ್ತದೆ.

ಹಾರಬಲ್ಲ ಹಕ್ಕಿಗಳಲ್ಲಿ ಅತಿ ಭಾರದವುಗಳ ಪಟ್ಟಿ ಮಾಡಿದರೆ ಎರೆಭೂತ ಅದರಲ್ಲಿ ಇದ್ದೇ ಇರುತ್ತದೆ. ರೆಕ್ಕೆ ಬಿಚ್ಚಿದರೆ ಎರಡು ಮೀಟರಿಗೂ ಹೆಚ್ಚು ಅಗಲ. ಈ ಭಾರವನ್ನು ನೆನಪಿನಲ್ಲಿಡಿ. ವಿದ್ಯುತ್ ತಂತಿಯ ವಿಷಯ ಬಂದಾಗ ಬೇಕಾಗುತ್ತದೆ.

ಎರಡೂ ಒಂದೇ ಆಹಾರಕ್ಕೆ ಪೈಪೋಟಿ ನಡೆಸುತ್ತವೆಯೇ?

ಇಲ್ಲ. ಕೃಷ್ಣಮೃಗ ಅಪ್ಪಟ ಮೇಯುವ ಪ್ರಾಣಿ. ಗಿಡ್ಡ ಹುಲ್ಲು ಅದಕ್ಕೆ ಇಷ್ಟ, ಬೇಸಿಗೆಯಲ್ಲಿ ಹುಲ್ಲು ಒಣಗಿದರೆ ಬಳ್ಳಾರಿ ಜಾಲಿಯ ಕಾಯಿ ತಿಂದು ದಿನ ದೂಡುತ್ತದೆ. ತಿಂದ ಬೀಜವನ್ನು ಹಿಕ್ಕೆಯ ಮೂಲಕ ಬಯಲಿನುದ್ದಕ್ಕೂ ಹರಡುವುದೂ ಅದೇ. ತನ್ನ ಹುಲ್ಲುಗಾವಲನ್ನು ನುಂಗುವ ಮುಳ್ಳುಗಿಡವನ್ನು ತಾನೇ ಬಿತ್ತಿದ ಹಾಗಾಯಿತು, ಪಾಪ.

ಎರೆಭೂತ ಸಿಕ್ಕಿದ್ದನ್ನು ತಿನ್ನುವ ಹಕ್ಕಿ. ಮಳೆಗಾಲದಲ್ಲಿ ಮಿಡತೆ, ಜೀರುಂಡೆ, ಓತಿಕ್ಯಾತ. ಆಮೇಲೆ ಬೋರೆಹಣ್ಣು, ಕಾಳು, ಶೇಂಗಾ. ನಿಧಾನವಾಗಿ ಹೆಜ್ಜೆ ಹಾಕುತ್ತಾ, ತಲೆ ಬಗ್ಗಿಸಿ ನೆಲ ನೋಡುತ್ತಾ, ಹುಲ್ಲಿನಿಂದ ಚಿಮ್ಮಿದ ಮಿಡತೆಯನ್ನು ಗಬಕ್ಕನೆ ಹಿಡಿಯುತ್ತದೆ. ಹೊಲಕ್ಕೆ ಕೀಟನಾಶಕ ಬಿದ್ದಾಗ ಮಿಡತೆಗಳ ಜೊತೆಗೆ ಇದರ ಊಟವೂ ಹೋಗುತ್ತದೆ. ಕೃಷ್ಣಮೃಗಕ್ಕೆ ಮಿಡತೆ ಸತ್ತರೂ ಒಂದೇ, ಬದುಕಿದರೂ ಒಂದೇ.

ಈಗ ಯಾವುದು ಎಷ್ಟು ಉಳಿದಿದೆ?

ಕೃಷ್ಣಮೃಗದ ಸಂಖ್ಯೆ 1947ರಲ್ಲಿ ಸುಮಾರು 80,000 ಇದ್ದದ್ದು 1964ರ ಹೊತ್ತಿಗೆ 8,000ಕ್ಕೆ ಕುಸಿದಿತ್ತು ಎಂಬ ಅಂದಾಜಿದೆ. ಕಾಯ್ದೆ ಬಂದ ಮೇಲೆ ಅದು ಮತ್ತೆ ಏರುತ್ತಾ ಹೋಗಿ ಇಂದು ಹತ್ತಾರು ಸಾವಿರಗಳಲ್ಲಿದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಈಗ ಅದಕ್ಕೆ ಅತಿ ಕಡಿಮೆ ಆತಂಕದ ದರ್ಜೆ.

ಎರೆಭೂತದ ಲೆಕ್ಕ ಇಳಿಜಾರಿನದು. 1969ರಲ್ಲಿ ಅಂದಾಜು 1,260. 2011ರಲ್ಲಿ ಸುಮಾರು 250. ಅದೇ ವರ್ಷ ಅದನ್ನು ತೀವ್ರ ಅಳಿವಿನಂಚಿನ ಪ್ರಭೇದವೆಂದು ಸಾರಿದರು. 2018ರ ಹೊತ್ತಿಗೆ 150ರ ಆಸುಪಾಸು, ಅವುಗಳಲ್ಲಿ ಬಹುಪಾಲು ರಾಜಸ್ಥಾನದ ಥಾರ್ ಮರುಭೂಮಿಯಲ್ಲಿ. ಗುಜರಾತಿನ ಕಛ್‌ನಲ್ಲಿ ಕೆಲವೇ ಹೆಣ್ಣು ಹಕ್ಕಿಗಳು ಉಳಿದಿವೆ.

ಅಂದರೆ ಅರವತ್ತರ ದಶಕದಲ್ಲಿ ಎರಡೂ ಕುಸಿದೇ ಇದ್ದವು. ದಾರಿ ಬೇರೆಯಾದದ್ದು ಆಮೇಲೆ, ರಕ್ಷಣೆ ಸಿಕ್ಕ ನಂತರ. ನನಗೆ ಈ ಕಥೆಯಲ್ಲಿ ಅತಿ ಮುಖ್ಯವೆನಿಸುವುದು ಇದೇ.

ರಕ್ಷಣೆ ಒಂದೇ ಆಗಿದ್ದರೂ ಒಂದು ಚೇತರಿಸಿಕೊಂಡದ್ದು ಹೇಗೆ, ಇನ್ನೊಂದು ಏಕೆ ಚೇತರಿಸಿಕೊಳ್ಳಲಿಲ್ಲ?

ಕಾಯ್ದೆ ತಡೆದದ್ದು ಬಂದೂಕನ್ನು. ಕೃಷ್ಣಮೃಗವನ್ನು ಮುಖ್ಯವಾಗಿ ಕೊಲ್ಲುತ್ತಿದ್ದದ್ದು ಬಂದೂಕು, ಆದ್ದರಿಂದ ಬಂದೂಕು ನಿಂತ ಕೂಡಲೇ ಅದು ಚೇತರಿಸಿಕೊಂಡಿತು. ಎರೆಭೂತವನ್ನೂ ಬಂದೂಕು ಕೊಂದಿತು, ಆದರೆ ಅದು ನಿಂತ ಮೇಲೂ ಹಕ್ಕಿಯ ಸಾವು ನಿಲ್ಲಲಿಲ್ಲ. ನೀರಾವರಿ, ಗಿಡ ನೆಡುವ ಯೋಜನೆ, ಬೀದಿನಾಯಿ, ತಂತಿ ಇವು ಯಾವುವೂ ಬೇಟೆ ನಿಷೇಧದ ವ್ಯಾಪ್ತಿಗೆ ಬರುವುದಿಲ್ಲ.

ಇನ್ನು ಸಂತಾನದ ವೇಗ. ಹೆಣ್ಣು ಕೃಷ್ಣಮೃಗ ಎರಡು ವರ್ಷದ ಹೊತ್ತಿಗೆ ತಾಯಿಯಾಗಬಲ್ಲದು. ಗರ್ಭ ಆರು ತಿಂಗಳು, ಸಾಮಾನ್ಯವಾಗಿ ಒಂದೇ ಮರಿ. ಹೆತ್ತ ಸ್ವಲ್ಪ ದಿನಕ್ಕೇ ಮತ್ತೆ ಗರ್ಭ ಕಟ್ಟಬಹುದು. ಮರಿ ಮೊದಲ ಕೆಲವು ದಿನ ಹುಲ್ಲಿನಲ್ಲಿ ಅಲುಗಾಡದೆ ಅಡಗಿ ಕೂರುತ್ತದೆ, ಆಮೇಲೆ ಹಿಂಡಿನ ಜೊತೆ ಓಡುತ್ತದೆ. ಹಿಂಡು ಎಂದರೆ ಹತ್ತಾರು ಜೊತೆ ಕಣ್ಣು.

ಎರೆಭೂತ ಪಕ್ವವಾಗಲು ಮೂರ್ನಾಲ್ಕು ವರ್ಷ ಹಿಡಿಯುತ್ತದೆ. ಋತುವಿಗೆ ಇಡುವುದು ಸಾಮಾನ್ಯವಾಗಿ ಒಂದೇ ಮೊಟ್ಟೆ. ಗೂಡು ಎನ್ನಲು ಏನೂ ಇಲ್ಲ. ಬರಿ ನೆಲದಲ್ಲಿ, ಎರಡು ಹುಲ್ಲುಗಂಟಿಗಳ ನಡುವೆ, ಕಂದುಮಚ್ಚೆಯ ಮಾಸಲು ಹಸಿರು ಮೊಟ್ಟೆ. ತಾಯಿ ಒಬ್ಬಳೇ ಸುಮಾರು 27 ದಿನ ಕಾವು ಕೂರುತ್ತಾಳೆ. ತಂದೆ ಆ ಕಡೆ ತಲೆ ಹಾಕುವುದಿಲ್ಲ. ಕುರಿಹಿಂಡು ಬಂದರೆ, ನಾಯಿ ಬಂದರೆ, ಫೋಟೊ ತೆಗೆಯುವವರು ಬಂದರೆ ಅವಳು ಎದ್ದು ನಡೆಯಬೇಕು. ಆ ಹೊತ್ತಿಗೆ ಕಾಗೆಗೋ ಉಡಕ್ಕೋ ನರಿಗೋ ಮೊಟ್ಟೆ ಸಿಕ್ಕರೆ ಆ ವರ್ಷದ ಸಂತಾನ ಅಲ್ಲಿಗೆ ಮುಗಿಯಿತೆಂದೇ ಲೆಕ್ಕ. ಉಳಿದು ಒಡೆದರೆ ಮರಿ ಮುಂದಿನ ಋತುವಿನವರೆಗೂ ತಾಯಿಯ ಬೆನ್ನು ಬಿಡುವುದಿಲ್ಲ.

ಇಂಥ ನಿಧಾನದ ಜೀವ ಬದುಕಿಗೆ ಬಂಡವಾಳ ಹೂಡುವುದು ದೀರ್ಘಾಯುಸ್ಸಿನ ಮೇಲೆ. ಬೆಳೆದ ಹಕ್ಕಿ ಬಹಳ ವರ್ಷ ಬದುಕಿ, ಹತ್ತಾರು ಸಲ ಪ್ರಯತ್ನಿಸಿ, ಎರಡು ಮೂರು ಮರಿ ಉಳಿಸಿಕೊಂಡರೆ ಸಾಕಿತ್ತು. ಮೊಟ್ಟೆ ಹೋದರೆ ತಡೆದುಕೊಳ್ಳುವ ವ್ಯವಸ್ಥೆ ಅದರಲ್ಲೇ ಇದೆ. ಬೆಳೆದ ಹಕ್ಕಿಗಳೇ ಸಾಯತೊಡಗಿದರೆ ಮಾತ್ರ ಈ ಲೆಕ್ಕ ಕುಸಿಯುತ್ತದೆ. ತಂತಿಗಳು ಮಾಡುತ್ತಿರುವುದು ಅದನ್ನೇ.

ಅಷ್ಟು ದೊಡ್ಡ ಹಕ್ಕಿಗೆ ವಿದ್ಯುತ್ ತಂತಿ ಕಾಣುವುದಿಲ್ಲವೇ?

ಕಾಣುವುದಿಲ್ಲ, ಕಂಡಾಗ ತಡವಾಗಿರುತ್ತದೆ.

ಹದ್ದು, ಗಿಡುಗಗಳ ಕಣ್ಣು ಮುಂದಕ್ಕಿವೆ. ಎರೆಭೂತದ ಕಣ್ಣು ತಲೆಯ ಎರಡೂ ಬದಿಗೆ. ನೆಲದ ಮೇಲೆ ನಿಂತಾಗ ಇದು ವರದಾನ: ತೋಳ ಯಾವ ಕಡೆಯಿಂದ ಬಂದರೂ ಗೊತ್ತಾಗುತ್ತದೆ. ಬೆಲೆ ತೆರುವುದು ಹಾರುವಾಗ. ಎರಡೂ ಕಣ್ಣಿನ ನೋಟ ಮುಂದೆ ಕೂಡುವ ಪಟ್ಟಿ ತೀರ ಕಿರಿದು. ಆಫ್ರಿಕಾದ ಕೋರಿ ಬಸ್ಟರ್ಡ್ ಎಂಬ ಇದರ ಸೋದರ ಪ್ರಭೇದದ ಕಣ್ಣಿನ ಮೇಲೆ ನಡೆದ ಅಧ್ಯಯನ ಇನ್ನೊಂದು ವಿಷಯ ತೋರಿಸಿತು: ಹಾರುವ ಹಕ್ಕಿ ಕೆಳಗಿನ ನೆಲ ನೋಡಲು ತಲೆಯನ್ನು ಸ್ವಲ್ಪ ಬಗ್ಗಿಸಿದರೂ ಸಾಕು, ತಾನು ಹೋಗುತ್ತಿರುವ ದಿಕ್ಕೇ ಅದಕ್ಕೆ ಕುರುಡಾಗಿಬಿಡುತ್ತದೆ.

ಇದರ ಮೇಲೆ ಭಾರ. ಐದು ಕಿಲೋದಿಂದ ಹದಿನೈದು ಕಿಲೋ ತೂಕದ ಹಕ್ಕಿ ವೇಗದಲ್ಲಿ ಹಾರುತ್ತಿರುವಾಗ ಕೊನೆಯ ಗಳಿಗೆಯಲ್ಲಿ ತಂತಿ ಕಂಡರೆ ಪಾರಿವಾಳದಂತೆ ಥಟ್ಟನೆ ತಿರುಗಲಾರದು. ಕೋಟ್ಯಂತರ ವರ್ಷಗಳಿಂದ ಬಯಲಿನ ಆಕಾಶದಲ್ಲಿ ಅಡ್ಡಿಯೇ ಇರಲಿಲ್ಲ. ಮುಂದೆ ನೋಡುವ ಅಗತ್ಯವೇ ಬೀಳಲಿಲ್ಲ. ಥಾರ್ ಪ್ರದೇಶದಲ್ಲಿ ಭಾರತೀಯ ವನ್ಯಜೀವಿ ಸಂಸ್ಥೆ ಮಾಡಿದ ಅಂದಾಜಿನ ಪ್ರಕಾರ ವರ್ಷಕ್ಕೆ ಸುಮಾರು 18 ಎರೆಭೂತಗಳು ತಂತಿಗೆ ಬಡಿದು ಸಾಯುತ್ತಿದ್ದವು. ಒಟ್ಟು ನೂರೈವತ್ತು ಇದ್ದಾಗ ಹದಿನೆಂಟು! ವರ್ಷಕ್ಕೊಂದು ಮೊಟ್ಟೆ ಇಡುವ ಹಕ್ಕಿ ಇದನ್ನು ತುಂಬಿಕೊಳ್ಳುವುದು ಸಾಧ್ಯವೇ ಇಲ್ಲ.

ಕೃಷ್ಣಮೃಗಕ್ಕೆ ಈ ತಂತಿಗಳು ಇದ್ದೂ ಇಲ್ಲದಂತೆ. ಅದರ ತೊಂದರೆ ಇರುವುದು ನೆಲದ ಮಟ್ಟದಲ್ಲಿ: ಮುಳ್ಳುತಂತಿ ಬೇಲಿ, ಹೆದ್ದಾರಿ, ನಾಯಿ, ಬಾಯ್ದೆರೆದ ಬಾವಿ.

ನ್ಯಾಯಾಲಯ ಈ ವಿಷಯದಲ್ಲಿ ಏನು ಹೇಳಿದೆ?

ವನ್ಯಜೀವಿ ತಜ್ಞ ಎಂ.ಕೆ. ರಣಜಿತ್‌ಸಿನ್ಹ ಮತ್ತಿತರರು ಸಲ್ಲಿಸಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಎರೆಭೂತ ಪ್ರದೇಶಗಳಲ್ಲಿ ತಂತಿಗಳನ್ನು ಸಾಧ್ಯವಿರುವೆಡೆ ನೆಲದಡಿಗೆ ಹಾಕಬೇಕೆಂದೂ, ಇರುವ ತಂತಿಗಳಿಗೆ ಹಕ್ಕಿಗಳಿಗೆ ಕಾಣುವಂಥ ಬಿಲ್ಲೆಗಳನ್ನು ತೂಗುಹಾಕಬೇಕೆಂದೂ ಆದೇಶಿಸಿತು. ಆದರೆ ಅದೇ ಬಯಲು ದೇಶದ ಅತಿ ದೊಡ್ಡ ಸೌರ ಮತ್ತು ಪವನ ವಿದ್ಯುತ್ ಯೋಜನೆಗಳ ತಾಣವೂ ಹೌದು. ಅಧಿಕ ಒತ್ತಡದ ತಂತಿಗಳನ್ನು ಹೂಳುವುದು ದುಬಾರಿ, ತಾಂತ್ರಿಕವಾಗಿ ಕಷ್ಟ ಎಂದು ಸರ್ಕಾರ ವಾದಿಸಿತು. 2024ರ ಮಾರ್ಚ್‌ನಲ್ಲಿ ನ್ಯಾಯಾಲಯ ತನ್ನ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಯೊಂದನ್ನು ನೇಮಿಸಿತು. ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿರುವುದು ನಾಗರಿಕರ ಹಕ್ಕು ಎಂಬ ಮಾತು ಬಂದದ್ದೂ ಅದೇ ತೀರ್ಪಿನಲ್ಲಿ. ಹಸಿರು ವಿದ್ಯುತ್ತೂ ಬೇಕು, ಹಕ್ಕಿಯೂ ಬೇಕು ಎಂಬ ಕಡೆ ಎರಡು ಒಳ್ಳೆಯ ಕೆಲಸಗಳೇ ಮುಖಾಮುಖಿಯಾಗಿ ನಿಂತಿವೆ. ಯೋಜನೆಯ ಜಾಗ ಗುರುತಿಸುವ ಮೊದಲೇ ಹಕ್ಕಿಯ ನಕ್ಷೆಯನ್ನು ಮೇಜಿನ ಮೇಲೆ ಹಾಸಿದ್ದರೆ ಇಷ್ಟು ಬಿಗಿಯಾಗುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ.

ಕೃಷ್ಣಮೃಗವನ್ನು ಉಳಿಸಿದರೆ ಅದೇ ನೆಲದ ಎರೆಭೂತವೂ ತಾನಾಗಿ ಉಳಿಯುವುದಿಲ್ಲವೇ?

ಕೇಳಲು ಸರಿಯಾಗಿಯೇ ಇದೆ. ದೊಡ್ಡ ಪ್ರಾಣಿಗೊಂದು ಅಭಯಾರಣ್ಯ ಮಾಡಿ, ಉಳಿದವೆಲ್ಲ ಅದರ ನೆರಳಲ್ಲಿ ಬದುಕಿಕೊಳ್ಳಲಿ ಎಂಬ ನಂಬಿಕೆ ನಮ್ಮ ವನ್ಯಜೀವಿ ನೀತಿಯಲ್ಲಿ ಬಹಳ ಹಳೆಯದು. ಈ ಜೋಡಿಯ ವಿಷಯದಲ್ಲಿ ಅದು ನಿಜವಾಗಲಿಲ್ಲ. ಎರಡು ಊರುಗಳ ಕಥೆ ಹೇಳುತ್ತೇನೆ.

ಮೊದಲನೆಯದು ನಮ್ಮದೇ ರಾಣೆಬೆನ್ನೂರು. ಹಾವೇರಿ ಜಿಲ್ಲೆಯ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಸ್ಥಾಪನೆಯಾಯಿತು. ಆಗ ಅಲ್ಲಿ ಎರೆಭೂತವೂ ಇತ್ತು, ಹಕ್ಕಿ ನೋಡುವವರು ದೂರದಿಂದ ಬರುತ್ತಿದ್ದರು. ಆದರೆ ಅಭಯಾರಣ್ಯದ ಬಹುಭಾಗ ನೀಲಗಿರಿ ನೆಡುತೋಪು. ಸಸಿಗಳು ಚಿಕ್ಕವಿದ್ದಾಗ ಕಷ್ಟವಾಗಲಿಲ್ಲ, ಮರಗಳಾಗಿ ನೋಟಕ್ಕೆ ಅಡ್ಡ ನಿಂತ ಮೇಲೆ ಹಕ್ಕಿ ಅಲ್ಲಿ ನಿಲ್ಲಲಿಲ್ಲ. ಕೃಷ್ಣಮೃಗ ಮಾತ್ರ ಹೊಂದಿಕೊಂಡಿತು: ಹಗಲು ತೋಪಿನ ನೆರಳು, ಬೆಳಗ್ಗೆ ಸಂಜೆ ಪಕ್ಕದ ಹೊಲ. ಇಂದು ಅಲ್ಲಿ ಸಾವಿರಗಳ ಲೆಕ್ಕದಲ್ಲಿ ಕೃಷ್ಣಮೃಗಗಳಿವೆ, ಎರೆಭೂತ ಇಲ್ಲ.

ಎರಡನೆಯದು ಮಧ್ಯಪ್ರದೇಶದ ಶಿವಪುರಿ ಜಿಲ್ಲೆಯ ಕರೇರಾ. ಅಲ್ಲಿ 1981ರಲ್ಲಿ ಅಭಯಾರಣ್ಯ ಮಾಡಿದ್ದೇ ಎರೆಭೂತಕ್ಕಾಗಿ. ಸುಮಾರು 200 ಚದರ ಕಿಲೋಮೀಟರ್, ಒಳಗೆ ಹತ್ತಾರು ಹಳ್ಳಿಗಳು, ಬಹುಪಾಲು ಖಾಸಗಿ ಹೊಲ. ಮೊದಲ ವರ್ಷಗಳಲ್ಲಿ ಹಕ್ಕಿಗಳು ಹೆಚ್ಚಿದವು. ಕಾವಲು ಬಿಗಿಯಾದದ್ದರಿಂದ ಕೃಷ್ಣಮೃಗಗಳೂ ಹೆಚ್ಚಿದವು, ಅದೂ ಹಕ್ಕಿಗಿಂತ ಬಹಳ ವೇಗವಾಗಿ, ಮತ್ತು ಹಿಂಡುಹಿಂಡಾಗಿ ಹೊಲಕ್ಕೆ ನುಗ್ಗಿದವು. ಜಮೀನು ಮಾರುವಂತಿಲ್ಲ, ಬೆಳೆ ಉಳಿಯುವುದಿಲ್ಲ. ರೈತನ ಕಣ್ಣಿಗೆ ಇದಕ್ಕೆಲ್ಲ ಕಾರಣ ಆ ಹಕ್ಕಿಯ ಹೆಸರಿನ ಅಭಯಾರಣ್ಯ. ಸಿಟ್ಟು ತಿರುಗಿದ್ದು ಹಕ್ಕಿಯ ಮೇಲೆ. ತೊಂಬತ್ತರ ದಶಕದ ಮೊದಲ ಭಾಗದಲ್ಲೇ ಕರೇರಾದಲ್ಲಿ ಎರೆಭೂತ ಕಣ್ಮರೆಯಾಯಿತು. ಹಕ್ಕಿಯೇ ಇಲ್ಲದ ಹಕ್ಕಿಧಾಮ ಹಲವು ವರ್ಷ ಕಾಗದದ ಮೇಲೆ ಉಳಿದು, ಕೊನೆಗೆ ಅದರ ಅಧಿಸೂಚನೆಯೂ ರದ್ದಾಯಿತು.

ಕೃಷ್ಣಮೃಗದ ಗೆಲುವು ಎರೆಭೂತದ ಸೋಲಿಗೆ ಒಂದು ಕಾರಣವಾಗಬಲ್ಲದು ಎಂದು ಬರೆಯಲು ಯಾರಿಗೂ ಹಿತವಲ್ಲ. ಆದರೂ ಕರೇರಾದಲ್ಲಿ ನಡೆದದ್ದು ಅದೇ, ಮತ್ತು ಅದರಲ್ಲಿ ಹುಲ್ಲೆಯ ತಪ್ಪೇನೂ ಇಲ್ಲ. ಬೆಳೆ ನಷ್ಟದ ಲೆಕ್ಕವನ್ನು ಮೊದಲ ದಿನದಿಂದಲೇ ಇಟ್ಟು ರೈತನ ಕೈಗೆ ಹಣ ಮುಟ್ಟಿಸಿದ್ದರೆ ಹಕ್ಕಿಯ ಮೇಲೆ ಯಾರಿಗೂ ಸಿಟ್ಟು ಬರುತ್ತಿರಲಿಲ್ಲ.

ಅಭಯಾರಣ್ಯವನ್ನೇ ಇನ್ನಷ್ಟು ದೊಡ್ಡದು ಮಾಡಿದರೆ?

ಅದನ್ನೂ ಮಾಡಿ ನೋಡಿದ್ದಾರೆ. ಮಹಾರಾಷ್ಟ್ರದ ಸೊಲ್ಲಾಪುರ, ಅಹ್ಮದ್‌ನಗರ ಭಾಗದಲ್ಲಿ 1979ರಲ್ಲಿ ಘೋಷಿಸಿದ ಎರೆಭೂತ ಅಭಯಾರಣ್ಯದ ವಿಸ್ತೀರ್ಣ ಸುಮಾರು 8,500 ಚದರ ಕಿಲೋಮೀಟರ್! ಊರು, ಕಾರ್ಖಾನೆ, ಕಬ್ಬಿನ ಗದ್ದೆ ಎಲ್ಲವೂ ಅದರೊಳಗೆ. ಇಂಥ ನಕ್ಷೆಯನ್ನು ಜಾರಿ ಮಾಡುವುದು ಯಾರಿಗೂ ಸಾಧ್ಯವಿರಲಿಲ್ಲ. ಕೊನೆಗೆ ಅದನ್ನು ಸುಮಾರು 1,220 ಚದರ ಕಿಲೋಮೀಟರಿಗೆ ಇಳಿಸಿದರು.

ಗುಜರಾತಿನ ವೇಳಾವದರ್ ಕೃಷ್ಣಮೃಗ ರಾಷ್ಟ್ರೀಯ ಉದ್ಯಾನ ಬರೀ 34 ಚದರ ಕಿಲೋಮೀಟರ್. ಅಷ್ಟರಲ್ಲೇ ಕೃಷ್ಣಮೃಗ ತುಂಬಿ ತುಳುಕುತ್ತದೆ. ಹುಲ್ಲೆಗೆ ಸಣ್ಣ ಬೇಲಿಯೊಳಗಿನ ಒಳ್ಳೆಯ ಹುಲ್ಲು ಸಾಕು. ಎರೆಭೂತ ಮೊಟ್ಟೆ ಇಡುವುದು ಒಂದು ಕಡೆ, ಮಳೆ ಮುಗಿದ ಮೇಲೆ ಮೇಯುವುದು ಹತ್ತಾರು ಕಿಲೋಮೀಟರ್ ಆಚೆ. ಅದನ್ನು ಉಳಿಸುವುದೆಂದರೆ ಯಾರದೋ ಕಡಲೆ ಹೊಲ, ಯಾರದೋ ಸಜ್ಜೆ ಹೊಲ, ನಡುವಿನ ಆಕಾಶ ಎಲ್ಲವನ್ನೂ ಉಳಿಸಿದಂತೆ.

ವೇಳಾವದರ್ ಬಗ್ಗೆ ಇನ್ನೊಂದು ಮಾತು. ಮಳೆಗಾಲದಲ್ಲಿ ಅಲ್ಲಿ ಎರೆಭೂತದ ಸಣ್ಣ ಸಂಬಂಧಿ, ಅದೂ ಅಳಿವಿನಂಚಿನಲ್ಲೇ ಇರುವ ಲೆಸ್ಸರ್ ಫ್ಲೋರಿಕನ್ ಗೂಡು ಮಾಡುತ್ತದೆ. ಹುಲ್ಲುಗಾವಲನ್ನು ಹುಲ್ಲುಗಾವಲಾಗಿಯೇ ಇಟ್ಟುಕೊಂಡರೆ ಹುಲ್ಲೆಯೂ ನೆಲದ ಹಕ್ಕಿಯೂ ಒಟ್ಟಿಗೆ ಇರಬಲ್ಲವು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಗಂಡುಗಳ ಪ್ರದರ್ಶನದಲ್ಲಿ ಹೋಲಿಕೆ ಇದೆಯಂತೆ, ನಿಜವೇ?

ನಿಜ, ಮತ್ತು ಬಲು ಸೊಗಸಾದ ಹೋಲಿಕೆ. ಎರಡರಲ್ಲೂ ಗಂಡಿಗೆ ಸಂಸಾರದ ಜವಾಬ್ದಾರಿ ಇಲ್ಲ, ಇರುವುದು ಮೆರವಣಿಗೆ ಮಾತ್ರ.

ಕೃಷ್ಣಮೃಗದ ಗಂಡು ಬಯಲಲ್ಲಿ ಒಂದು ತುಂಡು ನೆಲ ಹಿಡಿದು, ಅದೇ ಜಾಗದಲ್ಲಿ ಮತ್ತೆ ಮತ್ತೆ ಹಿಕ್ಕೆ ಹಾಕಿ ಗುಡ್ಡೆ ಮಾಡಿ ಹಕ್ಕು ಸಾರುತ್ತದೆ. ಹೆಣ್ಣು ಬಂದಾಗ ಮೂತಿ ಮೇಲೆತ್ತಿ, ಕೊಂಬುಗಳನ್ನು ಬೆನ್ನಿಗೆ ಒರಗಿಸಿ, ಬಾಲ ಸುರುಳಿ ಮಾಡಿ, ಗತ್ತಿನ ಹೆಜ್ಜೆ ಹಾಕುತ್ತದೆ. ವೇಳಾವದರ್‌ನಂಥ ಕಡೆ ಹತ್ತಾರು ಗಂಡುಗಳು ಅಕ್ಕಪಕ್ಕದಲ್ಲೇ ಪುಟ್ಟ ಪುಟ್ಟ ಅಂಗಣ ಹಿಡಿದು ನಿಲ್ಲುತ್ತವೆ. ಹೆಣ್ಣುಗಳು ಅವುಗಳ ನಡುವೆ ಓಡಾಡಿ ಆರಿಸಿಕೊಳ್ಳುತ್ತವೆ.

ಎರೆಭೂತದ ಗಂಡು ಸ್ವಲ್ಪ ಎತ್ತರದ, ಹುಲ್ಲು ಗಿಡ್ಡವಿರುವ ಜಾಗ ಹಿಡಿಯುತ್ತದೆ. ಕತ್ತಿನ ಚೀಲಕ್ಕೆ ಗಾಳಿ ತುಂಬಿ ಅದು ಎದೆಯ ಮುಂದೆ ಬಿಳಿ ಚೀಲವಾಗಿ ಕಾಲಿನವರೆಗೂ ಜೋಲುತ್ತದೆ. ಬಾಲ ಬೆನ್ನಿನ ಮೇಲೆ ಬೀಸಣಿಗೆಯಾಗುತ್ತದೆ. ಹಾಗೇ ನಿಂತು ಆಳದ ಒಂದು ಗುಂಯ್‌ಗುಡುವ ದನಿ ಹೊರಡಿಸುತ್ತದೆ. ಅರ್ಧ ಕಿಲೋಮೀಟರಿನವರೆಗೂ ಕೇಳಿಸುತ್ತದೆ. ಗಂಡುಗಳ ನಡುವಿನ ಅಂತರ ಇಲ್ಲಿ ಬಹಳ ದೊಡ್ಡದು.

ಎರಡು ಪ್ರದರ್ಶನಕ್ಕೂ ತೆರೆದ ಬಯಲೇ ಬೇಕು. ಗಿಡ ಬೆಳೆದು ನೋಟ ಮುಚ್ಚಿಹೋದರೆ ನೋಡುವವರಿಲ್ಲದ ರಂಗಸ್ಥಳ.

ಬೋಳು ಬಯಲಿನಲ್ಲಿ ಮರ ನೆಡುವುದು ಒಳ್ಳೆಯದಲ್ಲವೇ?

ಅಲ್ಲ. ಹುಲ್ಲುಗಾವಲು ಎಂದರೆ ಕಾಡಾಗದೆ ಉಳಿದ ಪಾಳು ಜಾಗ ಎಂಬ ಭಾವನೆ ಬ್ರಿಟಿಷರ ಕಂದಾಯ ದಾಖಲೆಗಳಿಂದ ಬಂದದ್ದು. ಈಗಲೂ ಸರ್ಕಾರಿ ನಕ್ಷೆಗಳಲ್ಲಿ ಬಹಳಷ್ಟು ಹುಲ್ಲುಗಾವಲು ಬಂಜರು ಎಂದೇ ನಮೂದಾಗಿದೆ. ಬಂಜರು ಎಂದಾದ ಮೇಲೆ ಯಾರಿಗಾದರೂ ಕೊಡಬಹುದು. ಚಳ್ಳಕೆರೆಯ ಅಮೃತ ಮಹಲ್ ಕಾವಲುಗಳಲ್ಲಿ ಸುಮಾರು 10,000 ಎಕರೆ ರಕ್ಷಣಾ, ಬಾಹ್ಯಾಕಾಶ, ಅಣುಶಕ್ತಿ ಸಂಸ್ಥೆಗಳಿಗೆ ಹೋದದ್ದು ಹೀಗೆಯೇ. ಅಲ್ಲಿ ಕೃಷ್ಣಮೃಗ ಇತ್ತು, ಕುರಿಗಾಹಿಗಳ ಬದುಕಿತ್ತು, ಅಪರೂಪದ ಹುಲ್ಲುಹಕ್ಕಿಗಳಿದ್ದವು. ಒಂದು ಮರವೂ ಇಲ್ಲದ್ದರಿಂದ ಮರ ಕಡಿದರೆಂದು ಯಾರೂ ಬೀದಿಗಿಳಿಯಲಿಲ್ಲ.

ಸಸಿ ನೆಡುವ ಉತ್ಸಾಹಿಗಳಲ್ಲಿ ಒಂದು ವಿನಂತಿ: ಮೊದಲು ಆ ನೆಲದಲ್ಲಿ ಏನಿದೆ ಎಂದು ಬಗ್ಗಿ ನೋಡಿ.

ಕುರಿ, ದನ ಮೇಯಿಸುವುದನ್ನು ನಿಲ್ಲಿಸಬೇಕೇ?

ಪೂರ್ತಿ ನಿಲ್ಲಿಸಿದರೆ ಹುಲ್ಲು ಎದೆಯುದ್ದ ಬೆಳೆದು, ಪೊದೆ ಹಬ್ಬಿ, ಹಕ್ಕಿಗೂ ಹುಲ್ಲೆಗೂ ಬೇಡವಾಗುತ್ತದೆ. ಮಿತಿ ಮೀರಿದರೆ ನೆಲ ಬೋಳಾಗಿ ಮೊಟ್ಟೆಗೆ ಮರೆ ಇರುವುದಿಲ್ಲ. ಮೊಟ್ಟೆಯ ಕಾಲವಾದ ಮಳೆಗಾಲದಲ್ಲಿ ಕೆಲವು ತುಂಡು ನೆಲ ಬಿಟ್ಟು, ಆಮೇಲೆ ಮೇಯಲು ತೆರೆದಿಡುವುದು ಎಲ್ಲರಿಗೂ ಒಪ್ಪುವ ಮಧ್ಯದ ದಾರಿ. ಕುರಿಗಾಹಿಯನ್ನು ಓಡಿಸಿದರೆ ಗೂಡು ಎಲ್ಲಿದೆ ಎಂದು ಹೇಳಬಲ್ಲ ಒಬ್ಬನೇ ಮನುಷ್ಯನನ್ನು ಓಡಿಸಿದ ಹಾಗೆ. ಹಿಂಡಿನ ಹಿಂದೆ ಬರುವ ನಾಯಿಗಳ ವಿಷಯ ಬೇರೆ, ಅವನ್ನು ಕಟ್ಟಿಹಾಕಲೇಬೇಕು.

ಕೃಷ್ಣಮೃಗ ನಮ್ಮ ಬೆಳೆ ತಿನ್ನುತ್ತದೆ. ಓಡಿಸಬಹುದೇ, ಹಿಡಿಯಬಹುದೇ?

ಕೊಪ್ಪಳ, ಗದಗ, ರಾಯಚೂರು ಕಡೆಯ ರೈತರ ಈ ದೂರು ನ್ಯಾಯವಾದದ್ದೇ. ಮೊಳಕೆಯ ಕಡಲೆ, ಹೆಸರು, ಶೇಂಗಾ ಹೊಲಕ್ಕೆ ಒಂದು ಹಿಂಡು ರಾತ್ರಿ ಇಳಿದರೆ ಬೆಳಗ್ಗೆ ಮರುಬಿತ್ತನೆಯ ಚಿಂತೆ. ಸದ್ದು ಮಾಡಿ ಓಡಿಸಲು ಅಡ್ಡಿಯಿಲ್ಲ. ಹಿಡಿಯುವುದು, ಉರುಳು ಹಾಕುವುದು, ವಿದ್ಯುತ್ ಬೇಲಿಗೆ ನೇರ ಸಂಪರ್ಕ ಕೊಡುವುದು ಅಪರಾಧ. ಮೊದಲನೇ ಅನುಸೂಚಿಯ ಪ್ರಾಣಿಯನ್ನು ಕೊಂದರೆ ಕನಿಷ್ಠ ಮೂರು ವರ್ಷದಿಂದ ಏಳು ವರ್ಷದವರೆಗೆ ಜೈಲು. ತೋಳಗಳಿರುವ ಕಡೆ ಹುಲ್ಲೆಗಳ ಸಂಖ್ಯೆಗೆ ಒಂದು ಅಂಕೆ ಇರುತ್ತದೆ. ತೋಳವನ್ನು ಕೊಂದು ಹುಲ್ಲೆ ಹೆಚ್ಚಾಯಿತೆಂದು ಗೋಳಾಡುವ ಊರುಗಳೂ ಇವೆ.

ಸೆರೆಯಲ್ಲಿ ಮರಿ ಮಾಡಿಸಿ ಬಯಲಿಗೆ ಬಿಡಬಹುದಲ್ಲ?

ಆ ಕೆಲಸ ನಡೆಯುತ್ತಿದೆ, ಮತ್ತು ಎಲ್ಲರ ನಿರೀಕ್ಷೆಗಿಂತ ಚೆನ್ನಾಗಿ ನಡೆಯುತ್ತಿದೆ. ಜೈಸಲ್ಮೇರ್ ಬಳಿಯ ಸಮ್ ಮತ್ತು ರಾಮದೇವ್ರಾ ಕೇಂದ್ರಗಳಲ್ಲಿ ಕೇಂದ್ರ ಪರಿಸರ ಸಚಿವಾಲಯ, ರಾಜಸ್ಥಾನ ಅರಣ್ಯ ಇಲಾಖೆ ಮತ್ತು ಭಾರತೀಯ ವನ್ಯಜೀವಿ ಸಂಸ್ಥೆ ಸೇರಿ 2019ರಿಂದ ಬಯಲಿನ ಮೊಟ್ಟೆಗಳನ್ನು ತಂದು ಕೃತಕ ಕಾವು ಕೊಟ್ಟು ಮರಿ ಬೆಳೆಸುತ್ತಿವೆ. ಹೌಬಾರಾ ಬಸ್ಟರ್ಡ್ ಸಾಕುವುದರಲ್ಲಿ ಪಳಗಿದ ಅಬುಧಾಬಿಯ ತಜ್ಞರ ನೆರವೂ ಇದೆ. 2024ರಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಹುಟ್ಟಿತು. 2025ರ ಹೊತ್ತಿಗೆ ಅಲ್ಲಿನ ಹಕ್ಕಿಗಳ ಸಂಖ್ಯೆ 60 ದಾಟಿತ್ತು.

ಕೃಷ್ಣಮೃಗವನ್ನು ಒಂದು ಕಡೆಯಿಂದ ಹಿಡಿದು ಇನ್ನೊಂದು ಕಡೆ ಬಿಟ್ಟರೆ ಹುಲ್ಲು ಇರುವ ತನಕ ಬದುಕಿಕೊಳ್ಳುತ್ತದೆ. ಅಮೆರಿಕದ ಟೆಕ್ಸಾಸ್, ಅರ್ಜೆಂಟೀನಾಗಳಿಗೆ ಒಯ್ದು ಬಿಟ್ಟವೂ ಅಲ್ಲಿ ಹಿಂಡು ಕಟ್ಟಿವೆ. ಮನುಷ್ಯರ ಕೈಯಲ್ಲಿ ಬೆಳೆದ ಎರೆಭೂತಕ್ಕೆ ನರಿಯನ್ನು ಕಂಡರೆ ಹೆದರುವುದನ್ನೂ ಯಾರಾದರೂ ಕಲಿಸಬೇಕು. ಮೇಲಾಗಿ, ಬಿಡುವುದು ಯಾವ ಆಕಾಶಕ್ಕೆ? ತಂತಿಗಳು ಹಾಗೇ ಇದ್ದರೆ ಐದು ವರ್ಷ ಸಾಕಿದ ಹಕ್ಕಿ ಐದು ವಾರದಲ್ಲಿ ಕೆಳಗೆ ಬಿದ್ದೀತು.

ಕರ್ನಾಟಕದಲ್ಲಿ ಎರೆಭೂತ ಇನ್ನೂ ಇದೆಯೇ?

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಭಾಗದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಹಕ್ಕಿಗಳು ಕಂಡ ವರದಿಗಳು ಬಂದಿವೆ. ತುಂಗಭದ್ರೆಯ ಕಾಲುವೆ ನೀರು ಬಂದ ಕಡೆಯೆಲ್ಲ ಜೋಳ, ಹತ್ತಿಯ ಜಾಗಕ್ಕೆ ಭತ್ತ ಬಂದಿತು. ಕೆಸರುಗದ್ದೆಯಲ್ಲಿ ಎರೆಭೂತ ನಡೆಯಲಾರದು. ನೀರು ತಲುಪದ, ಇನ್ನೂ ಮಳೆಯನ್ನೇ ನಂಬಿದ ಹೊಲಗಳ ಪಟ್ಟಿಯೊಂದು ಉಳಿದಿದೆ, ಹಕ್ಕಿಯೂ ಅಲ್ಲೇ ಉಳಿದಿತ್ತು. ಅಂಥ ರೈತ ಮಳೆಯಾಶ್ರಿತ ಬೆಳೆಯನ್ನೇ ಮುಂದುವರಿಸಬೇಕೆಂದರೆ ಅವನಿಗೆ ಅದರಿಂದ ಲಾಭವಾಗಬೇಕು. ನೆರೆಯವನು ವರ್ಷಕ್ಕೆರಡು ಭತ್ತ ಬೆಳೆಯುವಾಗ ಹಕ್ಕಿಗೋಸ್ಕರ ನೀನು ಸಜ್ಜೆ ಬಿತ್ತು ಎಂದು ಪಟ್ಟಣದಲ್ಲಿ ಕುಳಿತು ಹೇಳುವುದು ಸುಲಭ.

ಎರಡನ್ನೂ ನೋಡಲು ಎಲ್ಲಿಗೆ ಹೋಗಬೇಕು?

ಕೃಷ್ಣಮೃಗಕ್ಕೆ ರಾಣೆಬೆನ್ನೂರು ಸಾಕು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿರುವ ಜಯಮಂಗಲಿ ಸಂರಕ್ಷಿತ ಪ್ರದೇಶ ಇನ್ನೂ ಚೆನ್ನ. ಹುಲ್ಲುಗಾವಲು ಅಲ್ಲಿ ಇನ್ನೂ ಹುಲ್ಲುಗಾವಲಿನಂತೆಯೇ ಇದೆ. ಕಡೂರಿನ ಬಾಸೂರು ಅಮೃತ ಮಹಲ್ ಕಾವಲಿನಲ್ಲೂ ಕಾಣಸಿಗುತ್ತವೆ. ಬೆಳಗಿನ ಹೊತ್ತು ಹೋಗಿ, ವಾಹನ ದಾರಿ ಬಿಡದಿರಲಿ.

ಎರೆಭೂತಕ್ಕೆ ಜೈಸಲ್ಮೇರ್‌ನ ಮರುಭೂಮಿ ರಾಷ್ಟ್ರೀಯ ಉದ್ಯಾನವೇ ಗತಿ. ಅಲ್ಲಿ ಬೇಲಿ ಹಾಕಿ ಕಾಪಾಡಿದ ಸುದಾಸರಿ ಭಾಗದ ಹೊರಗಿನಿಂದ ದುರ್ಬೀನಿನಲ್ಲಿ ಹುಡುಕಬೇಕು. ಸಿರುಗುಪ್ಪದಲ್ಲಿ ಹುಡುಕಲು ಮಾತ್ರ ಹೋಗಬೇಡಿ. ಆಕಸ್ಮಿಕವಾಗಿ ನಿಮ್ಮ ಹೊಲದಲ್ಲೇ ಕಂಡರೆ ಹತ್ತಿರ ಹೋಗದೆ, ಜಾಗದ ವಿವರವನ್ನು ಮೊಬೈಲ್ ಗುಂಪುಗಳಿಗೆ ಹಾಕದೆ, ವಲಯ ಅರಣ್ಯಾಧಿಕಾರಿಗೆ ತಿಳಿಸಿ. ಹೆಣ್ಣು ಹಕ್ಕಿ ಕಾಲು ಜೋಲುಬಿಟ್ಟುಕೊಂಡು ಅಡ್ಡಾದಿಡ್ಡಿ ಹಾರುತ್ತಿದ್ದರೆ ಅದಕ್ಕೆ ಗಾಯವಾಗಿದೆ ಎಂದುಕೊಳ್ಳಬೇಡಿ. ಮರಿಯೋ ಮೊಟ್ಟೆಯೋ ನಿಮ್ಮ ಕಾಲಿನ ಆಸುಪಾಸಿನಲ್ಲೇ ಇದೆ, ನಿಮ್ಮನ್ನು ದೂರ ಸೆಳೆಯಲು ಅವಳು ನಾಟಕ ಹೂಡಿದ್ದಾಳೆ. ಬಂದ ದಾರಿಯಲ್ಲೇ, ನೆಲ ನೋಡಿಕೊಂಡು, ಹಿಂದಕ್ಕೆ ಬನ್ನಿ.